ಹಲ್ಲು ನೋಡಿ ಟಗರು, ನಂಬರ್ ನೋಡಿ ಕಾರ್ಡು

ಹೋದ ತಿಂಗಳ ಒಂದು ಭಾನುವಾರ ನನ್ನ ಗೆಳೆಯ ಬೆಣ್ಣೆದೋಸೆ ಹೋಟೆಲಿಗೆ ಏನನ್ನೋ ಟವೆಲಿನಲ್ಲಿ ಸುತ್ತಿಕೊಂಡು ಬಂದ. ದಾವಣಗೆರೆಯ ಮಂಡಿಪೇಟೆಯಲ್ಲಿ ಅವನ ಅಂಗಡಿ. ಹಿಂದಿನ ದಿನ ಕೊರಿಯರ್ ಬಂದಿತ್ತಂತೆ, ರಾತ್ರಿಯೆಲ್ಲ ತಡೆದುಕೊಂಡಿದ್ದಾನೆ, ಅದೇ ದೊಡ್ಡದು. ಟವೆಲ್ ಬಿಚ್ಚಿದ. ಒಳಗೆ ಗಟ್ಟಿ ಪ್ಲಾಸ್ಟಿಕ್ ಕೇಸು, ಅದರೊಳಗೆ ತೊಂಬತ್ತರ ದಶಕದ ಸಚಿನ್ ಕಾರ್ಡ್, ತಲೆಯ ಮೇಲೆ ಕೆಂಪು ಅಂಚಿನ ಚೀಟಿ, ಚೀಟಿಯಲ್ಲಿ ಕಾರ್ಡಿನ ಸ್ಥಿತಿಗೆ ಹತ್ತಕ್ಕೆ ಸಿಕ್ಕ ನಂಬರ್, 9. ನನ್ನ ಹತ್ತಿರ ಇರುವುದೂ ಅದೇ ಕಾರ್ಡ್, ಅದೇ ವರ್ಷದ್ದು. ನನ್ನದಕ್ಕೆ ಸಿಕ್ಕಿದ್ದು 8.

"ಕೈ ತೊಳ್ಕಂಡು ಬಂದು ಮುಟ್ಟಲೇ," ಅಂದ. ತೊಳೆದುಕೊಂಡೇ ಬಂದೆ. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿದೆ, ಹೊಟ್ಟೆಯೊಳಗೆ ಕಿವುಚಿದಂತಾಯಿತು. ದೋಸೆಗೆ ರುಚಿಯೇ ಇರಲಿಲ್ಲ.

ಸಂಜೆ ಮನೆಗೆ ಬಂದವನೇ ನನ್ನ 8 ಅನ್ನು ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅದು ನಾಲ್ಕು ವರ್ಷದಿಂದ ಅಲ್ಲೇ ಇತ್ತು. ನಾಲ್ಕು ವರ್ಷ ನಾನು ನೋಡಿದ್ದು ಸಚಿನ್‌ನ ಕವರ್ ಡ್ರೈವ್, ಅವತ್ತು ನೋಡಿದ್ದು ಚುಕ್ಕೆ. ಕಾರ್ಡ್ ಕೂಡಿಡುವ ಈ ಹವ್ಯಾಸ ಮನುಷ್ಯನಿಗೆ ಏನು ಮಾಡುತ್ತೆ ಅನ್ನೋದು ಆ ಚುಕ್ಕೆಯಲ್ಲೇ ಇದೆ ಅಂತ ನನಗೆ ಅನಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಾರ್ಡ್ ಅಂದರೆ ಇಸ್ಪೀಟ್ ಅಲ್ಲ. "ಅವನು ಕಾರ್ಡಿಗೆ ದುಡ್ಡು ಹಾಕ್ತಾನೆ" ಅಂತ ನಮ್ಮ ಮಾವನವರಿಗೆ ಯಾರೋ ಹೇಳಿ, ಅವರು ಅಂದರ್ ಬಾಹರ್ ಅಂದುಕೊಂಡು, ಮನೆಯಲ್ಲಿ ಒಂದು ಪಂಚಾಯಿತಿಯೇ ನಡೆದಿದೆ. ಇದು ಆಟಗಾರರ ಚಿತ್ರ ಇರುವ ಕಾರ್ಡ್. ಅಮೆರಿಕದಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ದು ಜಾಸ್ತಿ, ನಮ್ಮಂಥವರಿಗೆ ಕ್ರಿಕೆಟ್‌ದು.

ಗ್ರೇಡಿಂಗ್ ಅಂದರೆ ಏನು ಅಂತ ಚನ್ನಗಿರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ತೋಟದ ಅಡಿಕೆ, ಆದರೂ ಮಂಡಿಗೆ ಬಂದರೆ ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ, ದರವೂ ಬೇರೆ. ಕಾರ್ಡಿನದ್ದೂ ಹಾಗೇ. ನೀವು ದುಡ್ಡು ಕಟ್ಟಿ ಕಂಪನಿಗೆ ಕಳಿಸುತ್ತೀರಿ. ಅವರು ಅಸಲಿಯೋ ನಕಲಿಯೋ ನೋಡುತ್ತಾರೆ, ನಾಲ್ಕು ಮೂಲೆ, ಅಂಚು, ಮೇಲ್ಮೈ, ಚಿತ್ರ ನಟ್ಟನಡುವೆ ಕೂತಿದೆಯಾ ಎಲ್ಲ ನೋಡುತ್ತಾರೆ, 1ರಿಂದ 10ರೊಳಗೆ ಒಂದು ನಂಬರ್ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ವಾಪಸ್ ಕಳಿಸುತ್ತಾರೆ. ಈ ಕೇಸಿಗೆ ಸ್ಲ್ಯಾಬ್ ಅನ್ನುತ್ತಾರೆ. ಈ ಕೆಲಸ ಮಾಡುವ ಅಮೆರಿಕದ ಕಂಪನಿಗಳಲ್ಲಿ ಪಿಎಸ್‌ಎ ಶುರುವಾಗಿದ್ದು 1991ರಲ್ಲಿ, ಎಸ್‌ಜಿಸಿ 1998ರಲ್ಲಿ, ಬೆಕೆಟ್‌ನವರ ಗ್ರೇಡಿಂಗ್ 1999ರಲ್ಲಿ. 2024ರಲ್ಲಿ ಪಿಎಸ್‌ಎಯ ಮಾತೃಸಂಸ್ಥೆ ಎಸ್‌ಜಿಸಿಯನ್ನೂ ಕೊಂಡುಕೊಂಡಿತು. ಅಂದರೆ ತೂಕದ ಬಟ್ಟುಗಳೆಲ್ಲ ಒಂದೇ ಅಂಗಡಿಗೆ ಸೇರುತ್ತಿವೆ. ಅದೊಂದು ಬೇರೆಯದೇ ಚಿಂತೆ.

ಇಲ್ಲಿಯವರೆಗೆ ಇದು ನಂಬಿಕೆಯ ವ್ಯವಹಾರ. ದಾವಣಗೆರೆಯಲ್ಲಿ ಕೂತು ಮುಖ ನೋಡದವನಿಂದ ಕಾರ್ಡ್ ತರಿಸುವಾಗ ಮೂರನೆಯವನೊಬ್ಬ "ಇದು ಅಸಲಿ, ಇಷ್ಟು ಚೆನ್ನಾಗಿದೆ" ಅಂತ ಹೇಳಿದ್ದರೆ ಧೈರ್ಯ. ಗ್ರೇಡಿಂಗ್ ಹುಟ್ಟಿದ್ದೇ ಅದಕ್ಕೆ. ಆದರೆ ಅಡಿಕೆಗೂ ಕಾರ್ಡಿಗೂ ಒಂದು ವ್ಯತ್ಯಾಸ ಇದೆ. ಪಕ್ಕದ ತೋಟದವನ ಅಡಿಕೆ ಸರಕು ಆಯಿತು ಅಂತ ಯಾರೂ ರಾತ್ರಿ ಟ್ಯೂಬ್‌ಲೈಟ್ ಹಾಕಿ ತಮ್ಮ ರಾಶಿ ಅಡಿಕೆಯ ಚುಕ್ಕೆ ಹುಡುಕುವುದಿಲ್ಲ. ಮಾರುತ್ತಾರೆ, ಮರೆಯುತ್ತಾರೆ. ಕಾರ್ಡಿಟ್ಟವನು ಮಾರುವುದಿಲ್ಲ, ಇಟ್ಟುಕೊಳ್ಳುತ್ತಾನೆ. ಇಟ್ಟುಕೊಂಡ ವಸ್ತುವಿನ ಮೇಲೆ ನಂಬರ್ ಬಿದ್ದರೆ ಅದು ವಸ್ತುವಿನ ನಂಬರ್ ಆಗಿ ಉಳಿಯುವುದಿಲ್ಲ, ಇಟ್ಟುಕೊಂಡವನ ನಂಬರ್ ಆಗುತ್ತೆ. ನನಗೆ ಅವತ್ತು ಅನಿಸಿದ್ದು "ನನ್ನ ಕಾರ್ಡ್ 8" ಅಂತ ಅಲ್ಲ. "ನಾನು 8, ಅವನು 9."

ಇದನ್ನು ಕಂಪನಿಗಳು ಬೇಗನೇ ಅರ್ಥ ಮಾಡಿಕೊಂಡವು. ಪಿಎಸ್‌ಎಯವರು ಸೆಟ್ ರಿಜಿಸ್ಟ್ರಿ ಅಂತ ಒಂದನ್ನು ನಡೆಸುತ್ತಾರೆ. ನಿಮ್ಮ ಹತ್ತಿರ ಇರುವ ಕಾರ್ಡುಗಳನ್ನು ಅಲ್ಲಿ ಸೆಟ್ ಪ್ರಕಾರ ದಾಖಲು ಮಾಡಬಹುದು. ಮುಖ್ಯವಾದ ಕಾರ್ಡಿಗೆ ಜಾಸ್ತಿ ತೂಕ, ಸಾಮಾನ್ಯದ್ದಕ್ಕೆ ಕಡಿಮೆ. ಒಟ್ಟು ಸರಾಸರಿ ಎಷ್ಟು, ಸೆಟ್ ಎಷ್ಟು ಪೂರ್ತಿಯಾಗಿದೆ ಎರಡನ್ನೂ ಸೇರಿಸಿ ಅಂಕ. ಅಂಕದ ಪ್ರಕಾರ ಪಟ್ಟಿ. ಲೋಕದಲ್ಲಿ ಯಾರು ಒಂದನೆಯವರು, ಯಾರು ಹದಿನೇಳನೆಯವರು ಅಂತ ಯಾರು ಬೇಕಾದರೂ ನೋಡಬಹುದು. ವರ್ಷಕ್ಕೊಮ್ಮೆ ಪ್ರಶಸ್ತಿ ಬೇರೆ. ಜಾಣತನ ಎಲ್ಲಿದೆ ಅಂದರೆ, ಅಲ್ಲಿ ಅವರದೇ ಸ್ಲ್ಯಾಬಿಗೆ ಮಾತ್ರ ಜಾಗ. ಬೇರೆ ಕಂಪನಿಯ ಕೇಸಿನಲ್ಲಿ ಎಷ್ಟೇ ಒಳ್ಳೆ ಕಾರ್ಡಿದ್ದರೂ ಲೆಕ್ಕಕ್ಕಿಲ್ಲ, ಇವರಿಗೆ ಕಳಿಸಿ ಇವರ ಕೇಸಿಗೆ ಹಾಕಿಸಬೇಕು. ಜಾತ್ರೆಯ ಅಖಾಡ ಕಟ್ಟಿದವನೇ ಪೈಲ್ವಾನರಿಗೆ ಲಂಗೋಟಿ ಮಾರುವ ಅಂಗಡಿಯನ್ನೂ ಇಟ್ಟ ಹಾಗೆ.

ಜಾತ್ರೆ ಅಂದಾಗ ನೆನಪಾಯಿತು. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಟಗರಿನ ಕಾಳಗ ನೋಡಿದವರಿಗೆ ಗೊತ್ತು, ಅಲ್ಲಿ ಯಾವ ಟಗರಿಗೆ ಯಾವ ಟಗರನ್ನು ಬೇಕಾದರೂ ಬಿಡುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಹೀಗೆ. ಎರಡು ಹಲ್ಲಿನ ಟಗರು ಎರಡು ಹಲ್ಲಿನದ್ದರ ಜೊತೆಗೇ ಗುದ್ದಬೇಕು. ಎಂಟು ಹಲ್ಲಿನದ್ದನ್ನು ಹಾಲುಹಲ್ಲಿನ ಮೇಲೆ ಬಿಟ್ಟರೆ ಅದು ಕಾಳಗವೇ ಅಲ್ಲ, ಜನ ಎದ್ದು ಹೋಗುತ್ತಾರೆ. ಕುಸ್ತಿಯಲ್ಲಿ ಜೋಡಿ ಕಟ್ಟುವುದೂ ಇದೇ ಲೆಕ್ಕ.

ಮನುಷ್ಯರ ಪೈಪೋಟಿಯೂ ಹೀಗೇ ನಡೆಯುತ್ತೆ ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದ. ನಾವು ನಮ್ಮನ್ನು ಹೋಲಿಸಿಕೊಳ್ಳುವುದು ಎಲ್ಲರ ಜೊತೆಗಲ್ಲ, ನಮ್ಮ ಆಸುಪಾಸಿನವರ ಜೊತೆಗೆ. 2022ರ ಆಗಸ್ಟ್‌ನಲ್ಲಿ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ 1952ರ ಕಾರ್ಡ್ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ನನಗೆ ಏನೂ ಅನಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ಬ್ಯಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್, ಕೋಬಿ ಬ್ರಯಾಂಟ್ ಇಬ್ಬರೂ ಇರುವ ಕಾರ್ಡ್ ಅದನ್ನೂ ಮೀರಿಸಿ 1 ಕೋಟಿ 29 ಲಕ್ಷ ಡಾಲರ್ ದಾಟಿತು. ಓದಿ ಟೀ ಕುಡಿದೆ. ಆದರೆ ಮಂಡಿಪೇಟೆಯವನ 9? ಅದು ಎದೆಗೆ ನಾಟಿತು. ಅವರದು ಎಂಟು ಹಲ್ಲು, ನಮ್ಮಿಬ್ಬರದೂ ಎರಡು ಹಲ್ಲು.

ರಿಜಿಸ್ಟ್ರಿ ಮಾಡಿದ್ದು ಇಷ್ಟೇ, ಊರಿನಲ್ಲಿ ಜೋಡಿ ಸಿಗದವನಿಗೂ ಜೋಡಿ ಹುಡುಕಿಕೊಟ್ಟಿತು. ಹದಿನೇಳನೆಯವನಿಗೆ ಒಂದನೆಯವನ ಚಿಂತೆ ಇಲ್ಲ. ಹದಿನಾರನೆಯವನು ನಿನ್ನೆ ಏನು ಸೇರಿಸಿದ ಅನ್ನುವುದೇ ಚಿಂತೆ. ಆ ಹದಿನಾರನೆಯವನು ಟೆಕ್ಸಾಸ್‌ನಲ್ಲೋ ಟೋಕಿಯೊದಲ್ಲೋ ಇರುತ್ತಾನೆ, ಅವನ ಮುಖ ಗೊತ್ತಿಲ್ಲ, ಹೆಸರೂ ಅರೆಬರೆ. ಆದರೂ ಮಲಗುವ ಮುಂಚೆ ಒಮ್ಮೆ ಪಟ್ಟಿ ನೋಡಬೇಕು.

ಹಾಗಾದರೆ ಹಣಕ್ಕಾಗಿಯೇ ಇದೆಲ್ಲ ಅಲ್ವಾ ಅಂತ ಹೊರಗಿನವರು ಕೇಳುತ್ತಾರೆ. ನಮ್ಮ ಮಾವನವರೂ, ಇಸ್ಪೀಟ್ ಅಲ್ಲ ಅಂತ ಗೊತ್ತಾದ ಮೇಲೆ, ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟಕ್ಕೆ ಹೋಗುತ್ತೆ?" ಹಣ ಇಲ್ಲ ಅನ್ನಲಾರೆ. 1986ರ ಫ್ಲಿಯರ್ ಕಂಪನಿಯ ಮೈಕಲ್ ಜೋರ್ಡನ್ ಕಾರ್ಡ್ ತೆಗೆದುಕೊಳ್ಳಿ. ಪಿಎಸ್‌ಎ 10 ಸಿಕ್ಕವು ಲೋಕದಲ್ಲಿ ಮುನ್ನೂರಕ್ಕೂ ಸ್ವಲ್ಪ ಜಾಸ್ತಿ ಇವೆ. 9 ಮತ್ತು 10ರ ನಡುವೆ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ, ಬೆಲೆಯಲ್ಲಿ ಮಾತ್ರ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯತ್ಯಾಸ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತವರೆಲ್ಲ ಹಳೆ ಪೆಟ್ಟಿಗೆ ತೆಗೆದರು, ಕಾರ್ಡಿಗೆ ಚಿನ್ನದ ಬೆಲೆ ಬಂತು, 2021ರ ಜನವರಿಯಲ್ಲಿ ಇದೇ ಜೋರ್ಡನ್ 10 ಒಂದು 7,38,000 ಡಾಲರಿಗೆ ಹೋಯಿತು. ಗ್ರೇಡಿಂಗಿಗೆ ಬಂದ ಕಾರ್ಡುಗಳ ರಾಶಿ ನೋಡಿ ಪಿಎಸ್‌ಎ ಮಾರ್ಚ್ ಕೊನೆಯಲ್ಲಿ ಬಹುತೇಕ ಸೇವೆಗಳ ಬಾಗಿಲನ್ನೇ ಹಾಕಬೇಕಾಯಿತು. ವರ್ಷ ಮುಗಿಯುವುದರೊಳಗೆ ಆ ಜೋರ್ಡನ್ ಬೆಲೆ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು.

ಆಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹುಬ್ಬಳ್ಳಿ, ಬೆಂಗಳೂರಿನವರೂ ಸೇರಿ ಅರವತ್ತು ಜನ ಇದ್ದರು. ಲಾಭಕ್ಕೆ ಬಂದವರು ಬೆಲೆ ಇಳಿದ ಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಈಗ ಹತ್ತೊಂಬತ್ತು ಜನ. ಉಳಿದವರು ಯಾರು ಅಂತ ನೋಡಿದರೆ ಒಂದು ವಿಷಯ ಕಾಣುತ್ತೆ. ಯಾರಿಗೆ ಪಟ್ಟಿಯಲ್ಲೋ ಗೆಳೆಯರಲ್ಲೋ ಒಬ್ಬ ಜೋಡಿ ಇದ್ದನೋ, ಯಾರಿಗೆ ಸೆಟ್ಟಿನಲ್ಲಿ ಇನ್ನೂ ನಾಲ್ಕೈದು ಕಾರ್ಡ್ ಬಾಕಿ ಇತ್ತೋ, ಅವರು ಉಳಿದಿದ್ದಾರೆ. ಬೆಲೆ ಬಿದ್ದದ್ದು ಅವರಿಗೆ ಒಳ್ಳೆಯದೇ ಆಯಿತು, ಬಾಕಿ ಇದ್ದದ್ದು ಅಗ್ಗದಲ್ಲಿ ಸಿಕ್ಕಿತು. ಪೈಪೋಟಿ ಕೆಟ್ಟದ್ದು ಅಂತ ಸುಮ್ನೆ ಹೇಳಿಬಿಡಬಾರದು. ನನ್ನ ಮಟ್ಟಿಗೆ ಈ ಹವ್ಯಾಸವನ್ನು ದಲ್ಲಾಳಿಗಳಿಂದ ಕಾಪಾಡಿದ್ದೇ ಪೈಪೋಟಿ.

ಆದರೆ ಅದು ಒಳಗಿನಿಂದ ತಿನ್ನುವುದೂ ಉಂಟು. ಸ್ಲ್ಯಾಬ್ ಒಡೆಯುವುದು ಅಂತ ಒಂದು ಚಟ ಇದೆ. 9 ಬಂದಿದೆ, ನನಗೆ 10 ಅನಿಸುತ್ತೆ, ಕೇಸ್ ಒಡೆದು ಕಾರ್ಡ್ ಹೊರಗೆ ತೆಗೆದು ಮತ್ತೆ ಕಳಿಸುತ್ತೇನೆ. ಕೆಲವೊಮ್ಮೆ ಅದೇ ಕಾರ್ಡಿಗೆ ಬೇರೆ ನಂಬರ್ ಬರುತ್ತೆ, ಯಾಕೆಂದರೆ ನೋಡುವವರು ಮನುಷ್ಯರು. ಅಡ್ಡಪರಿಣಾಮ ಏನು ಅಂದರೆ, ಯಾವ ಕಾರ್ಡ್ ಯಾವ ನಂಬರಿನಲ್ಲಿ ಎಷ್ಟು ಇವೆ ಅಂತ ಕಂಪನಿ ಒಂದು ಲೆಕ್ಕ ಇಡುತ್ತೆ, ಪಾಪ್ ರಿಪೋರ್ಟ್ ಅಂತ. ಒಡೆದವನು ಹಳೆ ಚೀಟಿ ವಾಪಸ್ ಕೊಡದಿದ್ದರೆ ಒಂದೇ ಕಾರ್ಡ್ ಆ ಲೆಕ್ಕದಲ್ಲಿ ಎರಡು ಸಲ, ಮೂರು ಸಲ ಕೂತುಬಿಡುತ್ತೆ. ನಮ್ಮ ಗುಂಪಿನಲ್ಲೊಬ್ಬ ಒಂದೇ ದ್ರಾವಿಡ್ ಕಾರ್ಡನ್ನು ಮೂರು ಸಲ ಕಳಿಸಿದ. ನಾವು ಇಲ್ಲಿಂದ ಕಳಿಸುವುದು ಅಂದರೆ ಮಧ್ಯವರ್ತಿಗೆ ಕಮಿಷನ್, ಕೊರಿಯರ್, ವಾಪಸ್ ಬರುವಾಗ ಕಸ್ಟಮ್ಸ್, ತಿಂಗಳುಗಟ್ಟಲೆ ಕಾಯುವುದು. ಮೊದಲ ಸಲ 9, ಎರಡನೇ ಸಲ 9, ಮೂರನೇ ಸಲ 8. ಒಡೆಯುವಾಗ ಮೂಲೆಗೆ ಪೆಟ್ಟಾಗಿತ್ತು. ಅವನು ಒಂದು ವಾರ ಗುಂಪಿನಲ್ಲಿ ಮಾತಾಡಲಿಲ್ಲ. ನಾವೂ ಕೆಣಕಲಿಲ್ಲ, ಆಮೇಲೆ ಕೆಣಕಿದೆವು.

ಈ ಹುಚ್ಚಿಗೆ ಒಂದು ಮೂಲಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೋನಸ್ ವ್ಯಾಗ್ನರ್ ಅಂತ ಒಬ್ಬ ಬೇಸ್‌ಬಾಲ್ ಆಟಗಾರ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನಲ್ಲಿ ಇಟ್ಟು ಕೊಡುತ್ತಿದ್ದ ಟಿ206 ಎಂಬ ಸರಣಿಯಲ್ಲಿ ಅವನ ಕಾರ್ಡ್ ಬಹಳ ಕಡಿಮೆ ಹೊರಬಂತು, ಈಗ ಗೊತ್ತಿರುವುದು ಅರವತ್ತರ ಆಸುಪಾಸು. ಅದರಲ್ಲಿ ಒಂದು ಮಾತ್ರ ನಿನ್ನೆ ಕತ್ತರಿಸಿದಷ್ಟು ಚೂಪಾಗಿತ್ತು. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ ಅದನ್ನು 4,51,000 ಡಾಲರಿಗೆ ಹರಾಜಿನಲ್ಲಿ ಹಿಡಿದರು. ಹೊಸದಾಗಿ ಶುರುವಾಗಿದ್ದ ಪಿಎಸ್‌ಎ ಗ್ರೇಡ್ ಮಾಡಿದ ಮೊದಲ ಕಾರ್ಡ್ ಅದೇ. ಕೊಟ್ಟದ್ದು 8. ಅಲ್ಲಿಂದ ಅದು ಕೈ ಬದಲಾಗುತ್ತಾ 2007ರಲ್ಲಿ 28 ಲಕ್ಷ ಡಾಲರಿಗೆ ಏರಿತು.

ಚೂಪಾಗಿ ಯಾಕಿತ್ತು ಅಂದರೆ, ನಿಜವಾಗಿಯೂ ಕತ್ತರಿಸಿದ್ದರು! ಮೊದಲು ಅದನ್ನು ಇಟ್ಟುಕೊಂಡಿದ್ದ ಬಿಲ್ ಮಾಸ್ಟ್ರೊ ಎಂಬ ದೊಡ್ಡ ಹರಾಜುಗಾರ 2013ರಲ್ಲಿ ಕೋರ್ಟಿನಲ್ಲಿ ಬೇರೆ ವಂಚನೆಯ ತಪ್ಪೊಪ್ಪಿಗೆಯ ಜೊತೆಗೆ, ಈ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ಒಪ್ಪ ಮಾಡಿದ್ದು ಅಂತ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ನಂಬರನ್ನೇ ಕೊಡುವಂತಿಲ್ಲ, ಅದು ಗ್ರೇಡಿಂಗಿನ ಮೊದಲ ಪಾಠ. ಅಂದರೆ ಈ ಇಡೀ ಪದ್ಧತಿಯ ಮೊದಲ ನಂಬರೇ ಸುಳ್ಳು. ಆದರೆ ಹವ್ಯಾಸ ಬಿದ್ದುಹೋಯಿತಾ? ಇಲ್ಲ. ಜನಕ್ಕೆ ನಂಬರ್ ಬೇಕಿತ್ತು. ಅಖಾಡ ಒಮ್ಮೆ ಶುರುವಾದ ಮೇಲೆ ಮೊದಲ ಟಗರಿನ ಹಲ್ಲು ಸರಿಯಾಗಿ ಎಣಿಸಿದ್ದರಾ ಅಂತ ಯಾರು ಕೇಳುತ್ತಾರೆ?

ಇನ್ನೊಂದು ಕಡೆಯಿಂದ ಮ್ಯಾಂಟಲ್ ಕಾರ್ಡ್ ನೋಡಿ. ಆ 1 ಕೋಟಿ 26 ಲಕ್ಷದ್ದು 9.5. ಅದು ಎಂಬತ್ತರ ದಶಕದ ಮಧ್ಯದಲ್ಲಿ ಬಾಸ್ಟನ್ ಹತ್ತಿರ ಸಿಕ್ಕ, ಯಾರೂ ಮುಟ್ಟದೆ ಬಿದ್ದಿದ್ದ ಹಳೆ ಕಾರ್ಡುಗಳ ಗಂಟಿನಿಂದ ಬಂದದ್ದು. ಉಳಿದ ಮ್ಯಾಂಟಲ್ ಕಾರ್ಡುಗಳಿಗೆ ಏನಾಗಿತ್ತು? ಮಕ್ಕಳು ಆಡಿದ್ದರು. ಜೇಬಿನಲ್ಲಿ ಇಟ್ಟುಕೊಂಡಿದ್ದರು, ರಬ್ಬರ್ ಬ್ಯಾಂಡ್ ಹಾಕಿದ್ದರು. ಅಂದರೆ ಯಾವ ಹುಡುಗನೂ ಪ್ರೀತಿಸದ ಕಾರ್ಡಿಗೆ ಅತಿ ಹೆಚ್ಚು ಬೆಲೆ. ಇದು ನನಗೆ ಯಾವಾಗಲೂ ಸ್ವಲ್ಪ ಚುಚ್ಚುತ್ತೆ.

ಯಾಕೆಂದರೆ ನಮ್ಮ ಕಾಲದ ಕಾರ್ಡುಗಳೂ ಸವೆದವೇ. ಎವಿಕೆ ಕಾಲೇಜು ರಸ್ತೆಯ ಆಚೀಚೆ ಬೆಳೆದ ನಮ್ಮ ವಯಸ್ಸಿನವರಿಗೆ ಟ್ರಂಪ್ ಕಾರ್ಡ್ ನೆನಪಿರಬೇಕು, ಕುಸ್ತಿಯವರದ್ದು, ಕ್ರಿಕೆಟ್‌ದು. ರ‍್ಯಾಂಕ್ ಎಷ್ಟು, ಚೆಸ್ಟ್ ಎಷ್ಟು, ರನ್ ಎಷ್ಟು ಅಂತ ಕೂಗಿ ಎದುರಿನವನ ಕಾರ್ಡ್ ಕಿತ್ತುಕೊಳ್ಳುವುದು. ಅದಕ್ಕೂ ಮುಂಚೆ ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಕಪಿಲ್, ಗಾವಸ್ಕರ್, ಶ್ರೀಕಾಂತ್. ಅದರಲ್ಲಿ ರನ್ನೋ ವಿಕೆಟ್ಟೋ ಬರೆದಿರುತ್ತಿತ್ತು, ಕೂಡಿಸಿದರೆ ಬಹುಮಾನ. ಪೈಪೋಟಿ ಆಗ ಇರಲಿಲ್ವಾ? ಈಗಿಗಿಂತ ಜಾಸ್ತಿ ಇತ್ತು, ಹೊಡೆದಾಟವೇ ಆಗುತ್ತಿತ್ತು. ಆದರೆ ಅಲ್ಲಿ ನಂಬರ್ ಇದ್ದದ್ದು ಆಟಗಾರನದ್ದು. ಅವನ ರನ್, ಅವನ ಎದೆ ಅಳತೆ. ಈಗ ನಂಬರ್ ಇರುವುದು ಕಾಗದದ್ದು. ಪೈಪೋಟಿ ಆಟದಿಂದ ಕಳಚಿಕೊಂಡು ರಟ್ಟಿನ ಮೂಲೆಗೆ ಬಂದು ಕೂತಿದೆ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಪುಟ್ಟ ಮಕ್ಕಳ ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯುವುದೆಂದರೆ ಇಷ್ಟ ಇದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ಮನೆ ಪೆನ್ನು ಕಾಗದ ಇಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಇದರಲ್ಲಿ ನನಗೆ ಮುಖ್ಯ ಅನಿಸುವುದು ನಡುವಿನ ಗುಂಪು. ಹೇಳದೆ ಕೊಟ್ಟ ಸರ್ಟಿಫಿಕೇಟಿನಿಂದ ಏನೂ ಕೆಡಲಿಲ್ಲ. ಇಷ್ಟಪಟ್ಟು ತಂದ ಕಾರ್ಡನ್ನು ಆಮೇಲೆ ಗ್ರೇಡಿಂಗಿಗೆ ಕಳಿಸುವವನು ಒಬ್ಬ. 10 ಬರುತ್ತೆ ಅಂತಲೇ ಕಾರ್ಡ್ ಕೊಳ್ಳುವವನು ಇನ್ನೊಬ್ಬ, ಅವನಿಗೆ ಅದರಲ್ಲಿರುವ ಆಟಗಾರ ಎಡಗೈಯೋ ಬಲಗೈಯೋ ಅದೂ ಗೊತ್ತಿರುವುದಿಲ್ಲ. ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತೆ. ಕಷ್ಟ ಏನು ಅಂದರೆ, ಮೊದಲನೆಯವನು ಯಾವಾಗ ಎರಡನೆಯವನಾದ ಅಂತ ಅವನಿಗೇ ತಿಳಿಯುವುದಿಲ್ಲ. ನನ್ನ ಟ್ಯೂಬ್‌ಲೈಟ್ ರಾತ್ರಿ ನೆನಪಿಸಿಕೊಳ್ಳಿ.

ನಮ್ಮಲ್ಲಿ ಇನ್ನೊಬ್ಬರಿದ್ದಾರೆ, ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿ ಮಿಲ್ ಮುಚ್ಚಿದ ಮೇಲೆ ಅಂಗಡಿ ಲೆಕ್ಕ ಬರೆದುಕೊಂಡಿದ್ದ ಹಿರಿಯರು. ಮಕ್ಕಳು ಬಿಸಾಡಿದ ಬಿಗ್ ಫನ್ ಕಾರ್ಡುಗಳನ್ನು ಹಳೆ ಡೈರಿಯಲ್ಲಿ ಮೂಲೆ ಸಿಕ್ಕಿಸಿ ಇಟ್ಟಿದ್ದಾರೆ. ಗ್ರೇಡಿಂಗಿಗೆ ಕಳಿಸಿ ಅಣ್ಣಾ ಅಂದರೆ ನಗುತ್ತಾರೆ. ಅವರಿಗೆ ಪೈಪೋಟಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹರಿಹರದಲ್ಲಿ ಅವರ ಹಳೆ ಸಹೋದ್ಯೋಗಿಯೊಬ್ಬರು ಇದೇ ಕಾರ್ಡ್ ಇಟ್ಟಿದ್ದಾರೆ, ಅವರ ಹತ್ತಿರ ಇಲ್ಲದ್ದು ಎರಡು ತಮ್ಮ ಹತ್ತಿರ ಇವೆ ಅಂತ ಇವರು ವರ್ಷಕ್ಕೆ ಎರಡು ಸಲ ಫೋನ್ ಮಾಡಿ ನೆನಪಿಸುತ್ತಾರಂತೆ!

ಮೊನ್ನೆ ಮಂಡಿಪೇಟೆಯವನು ಮತ್ತೆ ಸಿಕ್ಕ. ಅದೇ ಹೋಟೆಲ್. ಈ ಸಲ ಟವೆಲ್ ಇರಲಿಲ್ಲ, ಪರ್ಸಿನಿಂದ ತೆಗೆದದ್ದು ನಮ್ಮೂರ ವಿನಯ್ ಕುಮಾರ್ ಕಾರ್ಡ್, ಐಪಿಎಲ್ ಕಾಲದ್ದು, ಟಾಪ್ಸ್ ಕಂಪನಿಯದು. ನನ್ನ ಹತ್ತಿರವೂ ಒಂದಿದೆ, ಬ್ಯಾಗಿನಲ್ಲೇ ಇತ್ತು. ಎರಡೂ ಸವೆದಿವೆ, ಗ್ರೇಡ್ ಮಾಡಿಸುವ ಖರ್ಚಿನಲ್ಲಿ ಇಂಥವು ಒಂದು ಬುಟ್ಟಿ ಬರುತ್ತವೆ. ಕಳಿಸುವ ಮಾತೇ ಇಲ್ಲ. ಪಕ್ಕಪಕ್ಕ ಇಟ್ಟೆವು.

"ಕಳ್ಸಿದ್ರೆ ನಂದು ಆರು ಬರುತ್ತೆ ನೋಡಲೇ," ಅಂದ.

"ನಿಂದು ಆರಾದ್ರೆ ನಂದು ಏಳು. ಸೆಂಟರಿಂಗ್ ನೋಡು."

ಅವನು ನೋಡಲಿಲ್ಲ, ಎದ್ದುಹೋಗಿ ಗಲ್ಲಾದ ಮೇಲಿದ್ದ ಸ್ಕೇಲ್ ಕೇಳಿ ತಂದ. ಮುಂಬದಿಯಲ್ಲಿ ಎರಡು ಪಕ್ಕದ ಬಿಳಿ ಪಟ್ಟಿ 55-45ರೊಳಗೆ ಇದ್ದರೇನೇ ಪಿಎಸ್‌ಎ 10ರ ಮಾತು, ನಮಗೆ ಅದು ಬಾಯಿಪಾಠ. ಎರಡನ್ನೂ ಅಳೆದ. ತನ್ನದನ್ನು ಎರಡು ಸಲ ಅಳೆದ. ದೋಸೆ ತಂದ ಹುಡುಗ ತಟ್ಟೆ ಎಲ್ಲಿಡಲಿ ಅಂತ ನಿಂತೇ ಇದ್ದ.